ಕಲ್ಲಲ್ಲ, ಹಗ್ಗದ ಉದ್ದ

ನಮ್ಮ ಮನೆಗೆ ಯಾರೇ ಬರಲಿ, ಕಾಫಿ ಲೋಟ ಕೆಳಗಿಡುವುದರೊಳಗೆ ನನ್ನ ಅತ್ತೆ ಆ ಕಥೆ ಹೇಳಿ ಮುಗಿಸಿರುತ್ತಾರೆ. ಮೊಮ್ಮಗಳು ಕೂಸಾಗಿದ್ದಾಗ ಹಗಲು ಹೊತ್ತು ಕಣ್ಣೇ ಮುಚ್ಚುತ್ತಿರಲಿಲ್ಲವಂತೆ. ಆಗ ಅವರು ತೊಟ್ಟಿಲ ಹಾಸಿಗೆಯಡಿ ಗುಂಡುಕಲ್ಲು ಇಟ್ಟರಂತೆ. ಕಲ್ಲಿನ ಭಾರಕ್ಕೆ ತೊಟ್ಟಿಲು ನಿಧಾನವಾಗಿ ತೂಗಿತಂತೆ, ಕೂಸು ಮಲಗಿತಂತೆ, ಸೊಸೆ ಇಸ್ಕೂಲಿಗೆ ಹೋದಳಂತೆ. ಕೇಳಿದವರು ತಲೆದೂಗುತ್ತಾರೆ. ಕಷ್ಟವಿದೆ, ಕಲ್ಲಿದೆ, ಫಲವಿದೆ, ಎಲ್ಲ ಅದರದರ ಜಾಗದಲ್ಲಿದೆ. ಒಳ್ಳೆಯ ಕಥೆ. ಆದರೆ ನಡೆದದ್ದು ಹಾಗಲ್ಲ.

ಅತ್ತೆ ಬೇಕೆಂದು ಸುಳ್ಳು ಹೇಳುತ್ತಿಲ್ಲ. ಅವರಿಗೆ ಹಾಗೆಯೇ ನೆನಪಿದೆ. ನನ್ನ ಗಂಡನಿಗೂ ಈಚೆಗೆ ಹಾಗೆಯೇ ನೆನಪಾಗತೊಡಗಿದೆ. ಹೋದ ತಿಂಗಳು ಯಾರೋ ನೆಂಟರ ಮುಂದೆ ಅತ್ತೆ ಹೇಳುತ್ತಿದ್ದಾಗ ನಾನೂ "ಹೂಂ" ಎಂದುಬಿಟ್ಟೆ. ಎಂದ ಮೇಲೆ ಮೈ ಉರಿಯಿತು. ಅದಕ್ಕೇ ಬರೆಯಲು ಕೂತಿದ್ದೇನೆ.

ನನ್ನ ನೆನಪನ್ನು ನಂಬಿ ಎಂದು ನಾನೂ ಕೇಳುವುದಿಲ್ಲ. ಯಾವ ಮಾತು ಯಾವ ದಿನ ಬಂತು, ಯಾರು ಮೊದಲು ದನಿ ಏರಿಸಿದರು, ಇವೆಲ್ಲ ನನ್ನ ತಲೆಯಲ್ಲಿ ನನಗೆ ಅನುಕೂಲವಾದ ಹಾಗೆ ಕೂಡಿಕೊಂಡಿರಬಹುದು. ಆದರೆ ಹಗ್ಗದ ಉದ್ದಕ್ಕೆ ನೆನಪು ಬೇಕಾಗಿಲ್ಲ. ತೊಲೆ ಅಲ್ಲೇ ಇದೆ, ತೊಟ್ಟಿಲು ಅಟ್ಟದ ಮೇಲಿದೆ. ಬೇಕಾದವರು ಬಂದು ಟೇಪು ಹಿಡಿದು ನೋಡಬಹುದು.

ನಮ್ಮದು ಅಕ್ಕೂರು. ಹಿಪ್ಪುನೇರಳೆ ತೋಟ, ಮನೆಯ ಪಕ್ಕದಲ್ಲೇ ರೇಷ್ಮೆ ಹುಳು ಸಾಕುವ ಮನೆ. ಗೂಡಾದರೆ ರಾಮನಗರದ ಮಾರುಕಟ್ಟೆಗೆ ಹೋಗುತ್ತದೆ. ಮಾವ ಮತ್ತು ನನ್ನ ಗಂಡ ಅದನ್ನು ನೋಡಿಕೊಳ್ಳುತ್ತಾರೆ. ನಾನು ಚನ್ನಪಟ್ಟಣದ ಒಂದು ಖಾಸಗಿ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಮದುವೆಗೆ ಮೊದಲೂ ಕೆಲಸ ಮಾಡುತ್ತಿದ್ದೆ, ಆಮೇಲೂ ಮಾಡಿದೆ. ಹೆರಿಗೆಗೆ ತವರಿಗೆ ಹೋದೆ. ತವರು ಕನಕಪುರ ತಾಲ್ಲೂಕಿನ ಉಯ್ಯಂಬಳ್ಳಿಯ ಕಡೆ, ಬಸ್ಸಿನಲ್ಲಿ ಹೋದರೆ ಎರಡು ಕಡೆ ಇಳಿದು ಹತ್ತಬೇಕು.

ಹೆಣ್ಣುಮಗು ಹುಟ್ಟಿತು. ತೊಟ್ಟಿಲು ತವರಿನವರು ಕೊಡಬೇಕು. ನಮ್ಮಪ್ಪ ಚನ್ನಪಟ್ಟಣಕ್ಕೇ ಬಂದು, ಅರಗಿನ ಬಣ್ಣ ಹಾಕಿದ, ಕೆಂಪು ಹಳದಿ ಕಂಬಿಗಳ ತೊಟ್ಟಿಲು ಕೊಂಡರು. ಅದರ ಜೊತೆ ಮರದ ಸ್ಟ್ಯಾಂಡೂ ಬರಬೇಕಿತ್ತು. ಮರ ಕಡೆಯುವವರು "ಒಂದು ವಾರ ಆಗ್ತದೆ" ಎಂದರು. ನಾಮಕರಣ ಅಷ್ಟು ದಿನ ಕಾಯುವುದಿಲ್ಲ. ಅಪ್ಪ ತೊಟ್ಟಿಲನ್ನು ಮಾತ್ರ ಹೊತ್ತುಕೊಂಡು ಹೋಗಿ, ನಮ್ಮ ಹೆಂಚಿನ ಮನೆಯ ತೊಲೆಗೆ ಹಗ್ಗ ಬಿಗಿದು ಇಳಿಬಿಟ್ಟರು. ಅಲ್ಲಿ ತೊಲೆ ಎತ್ತರ, ಹಗ್ಗ ಉದ್ದ.

ನಾಮಕರಣದ ದಿನ ಮಗುವಿಗಿಂತ ಮೊದಲು ತೊಟ್ಟಿಲಿಗೆ ಹೋಗುವುದು ಗುಂಡುಕಲ್ಲು. ಒರಳಲ್ಲಿ ರುಬ್ಬುವ ಕಲ್ಲು. ಅದಕ್ಕೆ ನೀರು ಹಾಕಿ, ಅರಿಶಿನ ಕುಂಕುಮ ಹಚ್ಚಿ, ಬಟ್ಟೆ ಸುತ್ತಿ ಮಲಗಿಸಿ ತೂಗುತ್ತಾರೆ. ಕೂಸು ಕಲ್ಲಿನ ಹಾಗೆ ಗಟ್ಟಿಯಾಗಿ ಬಾಳಲಿ ಅಂತ. ಅಕ್ಕೂರಿನಿಂದ ಬಂದಿದ್ದ ನನ್ನ ಅತ್ತೆಯೇ ಮೊದಲು ತೂಗಿದರು. ತೊಟ್ಟಿಲು ದೂರ ಹೋಗಿ, ಒಂದು ಗಳಿಗೆ ನಿಂತು ಯೋಚಿಸಿದ ಹಾಗೆ ಮಾಡಿ, ವಾಪಸು ಬರುತ್ತಿತ್ತು. "ಎಷ್ಟು ಗಂಭೀರವಾಗಿ ತೂಗ್ತದೆ ನೋಡು" ಎಂದು ಅತ್ತೆ ಮೆಚ್ಚಿಕೊಂಡರು. ಇದನ್ನು ಅವರು ಚೆನ್ನಾಗಿ ನೋಡಿದ್ದರು, ಚೆನ್ನಾಗಿ ನೆನಪಿಟ್ಟಿದ್ದರು. ಮುಂದಿನ ಎಲ್ಲ ಗೊಂದಲ ಹುಟ್ಟಿದ್ದೂ ಅದರಿಂದಲೇ.

ಮಗುವಿಗೆ ಐದು ತಿಂಗಳಾದಾಗ, ಬೇಸಿಗೆ ರಜೆ ಮುಗಿಯುತ್ತಾ ಬಂದ ಹೊತ್ತಿಗೆ, ನಾವು ಅಕ್ಕೂರಿಗೆ ವಾಪಸಾದೆವು. ತೊಟ್ಟಿಲೂ ಬಂತು. ಅಕ್ಕೂರಿನ ಮನೆ ಹೊಸದು. ಹಾಲಿನಲ್ಲಿ ಪಿಒಪಿ ಮಾಡಿಸಿದ್ದಾರೆ, ಸೂರಿನಲ್ಲಿ ಹೂವು ಬಳ್ಳಿ ಎಲ್ಲ ಇದೆ, ಒಂದು ಕೊಕ್ಕೆ ಇಲ್ಲ. ಕಡೆಯುವವರಿಂದ ಸ್ಟ್ಯಾಂಡು ತಂದು ಜೋಡಿಸಿದರು. ಎರಡು ಕಂಬ, ಮೇಲೊಂದು ಅಡ್ಡಪಟ್ಟಿ, ಅದರಿಂದ ಗೇಣುದ್ದದ ಸರಪಳಿ, ಸರಪಳಿಗೆ ತೊಟ್ಟಿಲು. ಕಂಬಗಳ ತಲೆಯ ಮೇಲೆ ಒಂದೊಂದು ಹಸಿರು ಗಿಣಿ. ಊರವರು ಬಂದು ಫೋಟೋ ತೆಗೆದುಕೊಂಡರು. ಮಗು ಅದರಲ್ಲಿ ಮಲಗಲಿಲ್ಲ.

ರಾತ್ರಿ ನನ್ನ ಪಕ್ಕದಲ್ಲಿ ಮಲಗುತ್ತಿದ್ದಳು, ಅದಕ್ಕೇನೂ ತಕರಾರಿಲ್ಲ. ಹಗಲು ಮಾತ್ರ ತೊಟ್ಟಿಲಿಗೆ ಹಾಕಿದ ಕೂಡಲೇ ಕೈಕಾಲು ಬಿಗಿ ಹಿಡಿದು, ಮುಖ ಕೆಂಪಗೆ ಮಾಡಿಕೊಂಡು ಅರಚುವುದು. ತೊಟ್ಟಿಲು ಟಕ ಟಕ ಟಕ ಹೋಗಿ ಬರುವುದು. ತೂಗುವವರ ಕೈ ಸೋಲುವುದು. ಕಡೆಗೆ ನಾನು ಎತ್ತಿಕೊಂಡು ಹೆಗಲಿಗೆ ಹಾಕಿಕೊಂಡರೆ ನಿದ್ದೆ.

"ನಿನ್ ಹೆಗಲು ರೂಢಿ ಮಾಡ್ಬುಟ್ಟಿದೀಯ ಕಣವ್ವ" ಎಂದರು ಅತ್ತೆ. "ಇನ್ ನನ್ ಕೈಲಿ ಹೆಂಗೆ ನಿಂತದೆ?"

"ಒಸಿ ದಿನ ಹೋದ್ರೆ ಸರಿ ಹೋಗ್ತಾಳೆ ಅತ್ತೆ."

"ಒಸಿ ದಿನ ಎಲ್ಲೈತೆ? ನಿನ್ ಇಸ್ಕೂಲು ತೆಗೆಯೋದು ಯಾವಾಗ?"

ಅದೇ ಪ್ರಶ್ನೆ. ಹೆಡ್‌ಮಾಸ್ಟರು ಫೋನಿನಲ್ಲಿ ಬಹಳ ಮೆತ್ತಗೆ ಹೇಳಿದ್ದರು: ಶಾಲೆ ತೆರೆಯುವ ದಿನ ನಾನು ಬರದಿದ್ದರೆ ನನ್ನ ಜಾಗಕ್ಕೆ ಬೇರೆಯವರನ್ನು ನೋಡಿಕೊಳ್ಳುತ್ತಾರೆ, ಏನೂ ತಪ್ಪು ತಿಳಿಯಬಾರದು. ಮನೆಯಲ್ಲೂ ಮಾತು ಮೆತ್ತಗೇ ಬಂತು. ಊಟಕ್ಕೆ ಕೂತಾಗ ಮಾವ ಮುದ್ದೆ ಮುರಿಯುತ್ತಾ ಹೇಳಿದರು: "ಕೂಸು ನಿಮ್ಮತ್ತೆ ತಾವ ಮಲಗೋದಾದ್ರೆ ಹೋಗವ್ವ, ನಾನು ಬ್ಯಾಡ ಅನ್ನಲ್ಲ. ಮಲಗ್ನಿಲ್ಲ ಅಂದ್ರೆ ಮನೇಲೇ ಇರು. ಹುಳದ ಕೆಲ್ಸ ಬುಟ್ಟು ಅವಳೂ ಹಗಲೆಲ್ಲ ಕೂಸು ಎತ್ಕಂಡು ತಿರುಗಾಕಾಯ್ತದಾ?" ನ್ಯಾಯವಾದ ಮಾತು. ನನ್ನ ಗಂಡ ಸಾರಿನ ಬಟ್ಟಲಿನಲ್ಲಿ ಏನನ್ನೋ ಹುಡುಕುತ್ತಿದ್ದರು.

ಅಂತೂ ನನ್ನ ಕೆಲಸ ಐದು ತಿಂಗಳ ಮಗುವಿನ ಮಧ್ಯಾಹ್ನದ ನಿದ್ದೆಯ ಮೇಲೆ ನಿಂತಿತು. ಇದನ್ನು ಬರೆಯುವಾಗ ನಗು ಬರುತ್ತದೆ. ಆಗ ಬಂದಿರಲಿಲ್ಲ.

ಗುಂಡುಕಲ್ಲು ಬಂದದ್ದು ಇಲ್ಲಿ. ಅತ್ತೆ ದಡ್ಡರಲ್ಲ. ಅವರು ಕೇಳಿಕೊಂಡ ಪ್ರಶ್ನೆ ಸರಿಯಾಗಿತ್ತು. ಇದೇ ತೊಟ್ಟಿಲು ಅವತ್ತು ಅಷ್ಟು ನಿಧಾನವಾಗಿ ತೂಗಿತು, ಇವತ್ತು ಯಾಕೆ ಹೀಗೆ ಒದ್ದಾಡುತ್ತದೆ? ಅವತ್ತು ಏನಿತ್ತು, ಇವತ್ತು ಏನಿಲ್ಲ? ಉತ್ತರ ಅವರಿಗೆ ಥಟ್ಟನೆ ಹೊಳೆಯಿತು. ಅವತ್ತು ಒಳಗೆ ಕಲ್ಲಿತ್ತು. ಭಾರವಾದದ್ದು ಮೆಲ್ಲಗೆ ನಡೆಯುತ್ತದೆ. ಬಸುರಿ ನಡೆಯುವುದಿಲ್ಲವೇ, ಹೊರೆ ಹೊತ್ತ ಎತ್ತು ನಡೆಯುವುದಿಲ್ಲವೇ? ಹಿತ್ತಲಿನಿಂದ ಗುಂಡುಕಲ್ಲು ತರಿಸಿ, ತೊಳೆದು, ಹಳೆಯ ಟವಲು ಸುತ್ತಿ, ಹಾಸಿಗೆಯಡಿ ಕಾಲ ಕಡೆಗೆ ಮಡಗಿದರು. ಸ್ಟ್ಯಾಂಡು ಕಿರ್ರೆಂದಿತು. ಎರಡು ಗಿಣಿಗಳೂ ಒಂದಿಷ್ಟು ಒಳಗೆ ಬಾಗಿದವು.

"ಈಗ ನೋಡು" ಎಂದು ತೂಗಿದರು. ನೋಡಿದೆವು. ಟಕ ಟಕ ಟಕ. ಮಗು ಅರಚಿತು.

"ನಿಧಾನ ಆಗ್ಲಿಲ್ವಾ?" ಎಂದು ಅತ್ತೆ ಮಗನನ್ನು ಕೇಳಿದರು.

"ಒಸಿ ಆಯ್ತು ಅನ್ಸುತ್ತೆ" ಎಂದರು ನನ್ನ ಗಂಡ. ತಾಯಿ ಮುಂದೆ ಗಂಡುಮಕ್ಕಳಿಗೆ ಏನೇನೋ ಅನ್ನಿಸುತ್ತದೆ. ಆಮೇಲೆ ನನ್ನ ಕಡೆ ತಿರುಗಿ ಸಲಹೆ ಕೊಟ್ಟರು: "ನೀನು ಜೋರಾಗಿ ತೂಗ್ತೀಯ ಕಣೇ. ಮೆಲ್ಲಗೆ ತೂಗಿದ್ರೆ ತಾನೇ ಮೆಲ್ಲಗೆ ಹೋಗೋದು." ಅವರು ಮೆಲ್ಲಗೆ ತೂಗಿದರು. ತೊಟ್ಟಿಲು ಕಡಿಮೆ ದೂರ ಹೋಯಿತು, ಕಡಿಮೆ ದೂರ ಬಂತು, ಆ ಟಕಟಕ ಮಾತ್ರ ಅಷ್ಟೇ.

ಆ ಟಕಟಕ ನನ್ನ ಕಿವಿಗೆ ಬಿದ್ದದ್ದು ಆಗ. ನಾನು ಪ್ರತಿವರ್ಷ ಮಕ್ಕಳ ಮುಂದೆ ದಾರಕ್ಕೆ ನಟ್ಟು ಕಟ್ಟಿ ತೂಗಿಸುತ್ತೇನೆ. ಪ್ರತಿವರ್ಷ ಒಬ್ಬ ಹುಡುಗನಾದರೂ ನಟ್ಟನ್ನು ದೂರಕ್ಕೆ ಎಳೆದು ಬಿಟ್ಟು "ಈಗ ಫಾಸ್ಟ್ ಹೋಗುತ್ತೆ ಮಿಸ್" ಎನ್ನುತ್ತಾನೆ. ಹೋಗುವುದಿಲ್ಲ. ಇನ್ನೊಬ್ಬಳು ಎರಡು ನಟ್ಟು ಕಟ್ಟುತ್ತಾಳೆ. ಆಗಲೂ ಅಷ್ಟೇ ಸಮಯ. ದಾರ ಗಿಡ್ಡ ಮಾಡಿದರೆ ಬೇಗ, ಉದ್ದ ಮಾಡಿದರೆ ನಿಧಾನ. ಇದಕ್ಕೆ ಪುಸ್ತಕದಲ್ಲಿ ಲೋಲಕ ಎಂದು ಹೆಸರು. ಆ ಲೋಲಕಕ್ಕೂ ಹಾಲಿನಲ್ಲಿರುವ ತೊಟ್ಟಿಲಿಗೂ ಸಂಬಂಧವಿದೆ ಎಂದು ಅಷ್ಟು ದಿನ ನನಗೆ ಹೊಳೆದಿರಲಿಲ್ಲ. ನಿದ್ದೆಗೆಟ್ಟ ತಾಯಿಗೆ ಇದು ಹೊಳೆಯಬೇಕು ಎಂದು ಯಾರಾದರೂ ಹೇಳಿದರೆ ಅವರನ್ನು ಒಂದು ವಾರ ನಮ್ಮ ಮನೆಗೆ ಕಳಿಸಿ.

ಹೊಳೆದರೆ ಸಾಲದು, ತೋರಿಸಬೇಕು. ಮಗುವನ್ನು ಗಂಡನ ಕೈಗೆ ಕೊಟ್ಟೆ. ಮೊಬೈಲಿನಲ್ಲಿ ಸ್ಟಾಪ್‌ವಾಚ್ ಒತ್ತಿ, ಕಲ್ಲಿರುವ ತೊಟ್ಟಿಲನ್ನು ತೂಗಿ ಎಣಿಸಿದೆ. ಕಲ್ಲು ತೆಗೆದೆ. ಮತ್ತೆ ತೂಗಿದೆ.

"ಅಯ್ಯಯ್ಯೋ! ಬರೀ ತೊಟ್ಲು ತೂಗ್ತಾವ್ಳಲ್ಲಪ್ಪ!"

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಎರಡೂ ಕೈ ತಲೆ ಮೇಲೆ ಇಟ್ಟುಕೊಂಡು ನಿಂತಿದ್ದರು. ಖಾಲಿ ತೊಟ್ಟಿಲು ತೂಗಬಾರದು, ಕೂಸಿಗೆ ಆಗಿಬರುವುದಿಲ್ಲ. ನನಗೂ ಗೊತ್ತು. ನಮ್ಮಮ್ಮ ಖಾಲಿ ತೊಟ್ಟಿಲಿಗೆ ಕೈ ತಗುಲಿ ಅಲ್ಲಾಡಿದರೂ ಹಿಡಿದು ನಿಲ್ಲಿಸುತ್ತಿದ್ದರು. ನನ್ನ ಕೈ ನಿಂತಿತು. ನಿಂತದ್ದು ನಿಜ. ಆಮೇಲೆ ಮತ್ತೆ ತೂಗಿದೆ.

"ಓದ್ದೋಳು ಅಂತ ತಂದ್ಕಂಡೋ ಇವಳ್ನ! ಲೇ, ನೀನಾದ್ರೂ ಹೇಳೋ" ಎಂದು ಮಗನಿಗೆ ಹೇಳಿದರು.

"ಎಣಿಸ್ತಾವ್ಳೆ ಕಣಮ್ಮ, ಮಧ್ಯ ಮಾತಾಡ್ಬೇಡ, ತಪ್ಪೋಯ್ತದೆ" ಎಂದರು ನನ್ನ ಗಂಡ. ನಮ್ಮ ಮದುವೆಯಾದ ಮೇಲೆ ಅವರು ನನ್ನ ಪರವಾಗಿ ಆಡಿದ ಮೊದಲನೆಯ ಮಾತು ಇದು. ಅದನ್ನೂ ಎಣಿಕೆಯ ಪರವಾಗಿ ಆಡಿದ್ದು.

ಕಲ್ಲಿದ್ದಾಗಲೂ ಇಲ್ಲದಾಗಲೂ ಒಂದೇ. ಎಲ್ಲೋ ಒಂದು ಚೂರು ಹೆಚ್ಚು ಕಡಿಮೆ, ಅದು ನನ್ನ ಬೆರಳಿನದು. ಮೊಬೈಲು ತೋರಿಸಿದೆ. ಅತ್ತೆ ನೋಡಲಿಲ್ಲ.

"ಅತ್ತೆ, ಅವತ್ತು ಉಯ್ಯಂಬಳ್ಳೀಲಿ ತೊಟ್ಟಿಲು ಎಲ್ಲಿಗೆ ಕಟ್ಟಿದ್ರು?"

"ತೊಲೆಗೆ."

"ಹಗ್ಗ ಎಷ್ಟುದ್ದ ಇತ್ತು?"

"ಹಗ್ಗ ಯಾರ್ ನೋಡ್ತಾರವ್ವ? ತೊಟ್ಲು ಶಾಸ್ತ್ರಕ್ಕೆ ಹೋದೋರು ಕೂಸು ನೋಡ್ತೀವಾ, ಹಗ್ಗ ನೋಡ್ತೀವಾ?"

ಆ ದಿನದ ಎಲ್ಲ ಅವರ ನೆನಪಿನಲ್ಲಿತ್ತು. ಕಲ್ಲು, ಅರಿಶಿನ, ಯಾರ ಸೀರೆ ಯಾವ ಬಣ್ಣ, ನಮ್ಮ ಕಡೆಯವರು ಪಾಯಸಕ್ಕೆ ಗೋಡಂಬಿ ಕಡಿಮೆ ಹಾಕಿದ್ದು. ಹಗ್ಗ ಮಾತ್ರ ಇರಲಿಲ್ಲ. ನೆನಪು ಹೀಗೆ ಮಾಡುತ್ತದೆ. ಕುಂಕುಮ ಹಚ್ಚಿದ್ದನ್ನು ಇಟ್ಟುಕೊಂಡು, ಎಲ್ಲವನ್ನೂ ಎತ್ತಿ ಹಿಡಿದಿದ್ದ ಹಗ್ಗವನ್ನು ಬಿಟ್ಟುಬಿಡುತ್ತದೆ.

ಹಗ್ಗ ನಾಲ್ಕು ಪಟ್ಟು ಉದ್ದವಾದರೆ ತೊಟ್ಟಿಲು ಒಮ್ಮೆ ಹೋಗಿ ಬರಲು ಎರಡು ಪಟ್ಟು ಹೊತ್ತು ಹಿಡಿಯುತ್ತದೆ. ನಾಲ್ಕಕ್ಕೆ ಎರಡು ಯಾಕೆ, ನಾಲ್ಕೇ ಯಾಕಲ್ಲ ಎಂದು ಮಕ್ಕಳು ಕೇಳುತ್ತಾರೆ. ವರ್ಗಮೂಲ ಎಂದು ಬೋರ್ಡಿನ ಮೇಲೆ ಬರೆಯುತ್ತೇನೆ. ನಮ್ಮ ಹಾಲಿನಲ್ಲಿ ನನಗೆ ಬೇಕಾಗಿದ್ದದ್ದು ವರ್ಗಮೂಲ ಅಲ್ಲ, ಎತ್ತರದ ಒಂದು ಸೂರು. ಪಿಒಪಿ ಹೂಬಳ್ಳಿಗೆ ಕಟ್ಟುವ ಹಾಗಿಲ್ಲ. ಅಂಗಳದ ಸೀಬೆಮರ ಗಿಡ್ಡ, ಮೇಲೆ ಬಿಸಿಲು. ಇಡೀ ಜಾಗದಲ್ಲಿ ಎತ್ತರವಾದ, ತಂಪಾದ, ಕತ್ತಲೆಯಾದ ಕೋಣೆ ಒಂದೇ ಒಂದು. ಹುಳು ಮನೆಗೆ ಅಂಟಿಕೊಂಡಿರುವ ಸೊಪ್ಪಿನ ಕೋಣೆ. ಕೊಯ್ದು ತಂದ ಹಿಪ್ಪುನೇರಳೆ ಸೊಪ್ಪನ್ನು ಬಾಡದ ಹಾಗೆ ಅಲ್ಲಿ ರಾಶಿ ಹಾಕಿ ಒದ್ದೆ ಗೋಣಿ ಹೊದಿಸುತ್ತಾರೆ. ಮೇಲೆ ಕಬ್ಬಿಣದ ತೊಲೆ.

ತೊಟ್ಟಿಲನ್ನು ಅಲ್ಲಿಗೆ ಕಟ್ಟುತ್ತೇನೆ ಎಂದು ಸಂಜೆ ಹೇಳಿದೆ. ಎಲ್ಲರೂ ನನ್ನ ಕಡೆ ತಿರುಗಿದರು.

ಹೊರಗಿನವರಿಗೆ ಇದು ಅರ್ಥವಾಗಲಿಕ್ಕಿಲ್ಲ. ಹುಳು ಮನೆ ನಮ್ಮಲ್ಲಿ ದೇವರಮನೆಗಿಂತ ಒಂದು ಕೈ ಹೆಚ್ಚು. ಮೆಟ್ಟು ಬಿಟ್ಟು, ಕೈಕಾಲು ತೊಳೆದು ಹೋಗಬೇಕು. ಕಂಡವರ ಕಣ್ಣು ಬೀಳಬಾರದು. ಮುಟ್ಟಾದ ಹೆಂಗಸರು ಆ ಕಡೆ ಸುಳಿಯಬಾರದು, ಹುಳಕ್ಕೆ ರೋಗ ಬರುತ್ತದೆ. ಹೆರಿಗೆಯಾದ ಮೇಲೆ ನನಗೆ ಮತ್ತೆ ಮುಟ್ಟು ಶುರುವಾಗಿದ್ದು ಅದೇ ವಾರ. ನಾನು ಯಾರಿಗೂ ಹೇಳಿರಲಿಲ್ಲ. ಸಂಜೆ ದೇವರ ದೀಪ ಹಚ್ಚದೆ ಇದ್ದದ್ದು ಎಲ್ಲರಿಗೂ ಹೇಳಿತ್ತು. ಅದೂ ಅಲ್ಲದೆ ಹುಳು ಆಗ ತಾನೇ ನಾಲ್ಕನೇ ಜ್ವರ ಬಿಟ್ಟು ಎದ್ದಿದ್ದವು. ಅಂದರೆ ಕೊನೆಯ ಸಲ ಪೊರೆ ಕಳಚಿ, ಹಗಲೂ ರಾತ್ರಿ ತಿನ್ನುವ ಹಂತ. ಆಮೇಲೆ ಗೂಡು.

"ಆಗಾಕಿಲ್ಲ" ಎಂದರು ಅತ್ತೆ.

"ಹುಳು ಇರೋ ಕೋಣೆ ಅಲ್ವಲ್ಲ ಅತ್ತೆ. ಸೊಪ್ಪಿನ ಕೋಣೆ. ಮಧ್ಯ ಬಾಗಿಲೈತೆ."

"ಅದೇ ಸೊಪ್ಪು ತಾನೇ ಹುಳ ತಿನ್ನೋದು?"

"ಸೊಪ್ಪು ಕೊಯ್ಯೋಕೆ ಕೂಲಿಗೆ ಬರ್ತಾರಲ್ಲ ಹೆಂಗಸರು, ಅವರನ್ನ ಯಾವತ್ತಾದ್ರೂ ಕೇಳಿದೀರಾ? ಇವತ್ತು ನೀನು ಹೆಂಗಿದೀಯವ್ವ ಅಂತ?"

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. ಆಮೇಲೆ, "ಅವರು ಹೊರಗ್ನೋರು. ನೀನು ಮನೆಯೋಳು" ಎಂದರು.

ಇದಕ್ಕಿಂತ ಖಂಡಿತವಾದ ಮಾತನ್ನು ನಾನು ಆ ಮನೆಯಲ್ಲಿ ಕೇಳಿಲ್ಲ. ಹೊರಗಿನವರ ಮೈ ಹುಳಕ್ಕೆ ಲೆಕ್ಕವಿಲ್ಲ, ಮನೆಯವಳ ಮೈ ಲೆಕ್ಕ. ರೋಗ ಗುರುತು ಹಿಡಿದು ಬರುತ್ತದೆ!

ಮಾರನೆಯ ಬೆಳಿಗ್ಗೆ, ಎಲ್ಲರೂ ಎದ್ದಿರುವಾಗಲೇ, ಸ್ಟ್ಯಾಂಡಿನಿಂದ ತೊಟ್ಟಿಲು ಬಿಡಿಸಿದೆ. ಕದ್ದು ಮಾಡಲಿಲ್ಲ. ಕದ್ದು ಮಾಡಿದ್ದರೆ ನಾನೇ ಅದನ್ನು ತಪ್ಪೆಂದು ಒಪ್ಪಿಕೊಂಡ ಹಾಗಾಗುತ್ತಿತ್ತು. ಮೆಟ್ಟು ಬಿಟ್ಟೆ, ಕೈಕಾಲು ತೊಳೆದೆ, ಏಣಿ ಹೊತ್ತುಕೊಂಡು ಸೊಪ್ಪಿನ ಕೋಣೆಗೆ ಹೋದೆ. ನನ್ನ ಗಂಡ ಹಿಂದೆಯೇ ಬಂದು ಏಣಿಯ ಕಾಲು ಹಿಡಿದರು.

"ಬೀಳ್ದಿರ್ಲಿ ಅಂತ ಹಿಡ್ಕಂಡಿದೀನಿ" ಎಂದು ಬಾಗಿಲಲ್ಲಿ ನಿಂತಿದ್ದ ತಾಯಿಗೆ ಕೇಳುವ ಹಾಗೆ ಹೇಳಿದರು. "ಅಷ್ಟೇಯ. ಬೇರೆ ಏನಿಲ್ಲ."

"ಬಿದ್ರೆ ಬೀಳ್ಲಿ ಬುಡು" ಎಂದರು ಅತ್ತೆ. ಹೇಳಿದರೇ ಹೊರತು ನಾನು ಇಳಿಯುವವರೆಗೂ ಅಲ್ಲಿಂದ ಕದಲಲಿಲ್ಲ.

ತೊಲೆಗೆ ನೂಲಿನ ಹಗ್ಗ ಎರಡು ಸುತ್ತು ಹಾಕಿ ಬಿಗಿದೆ. ಜಗ್ಗಿ ನೋಡಿದೆ, ನಾನೇ ಜೋತು ಬಿದ್ದು ನೋಡಿದೆ. ತೊಟ್ಟಿಲು ಮಂಡಿ ಎತ್ತರಕ್ಕೆ ಬಂತು. ಹಗ್ಗ ನನಗಿಂತ ಉದ್ದ. ಮಗುವನ್ನು ಮಲಗಿಸಿ ತೂಗಿದೆ. ದೂರ ಹೋಯಿತು, ನಿಂತ ಹಾಗೆ ಮಾಡಿತು, ಬಂತು. ಉಯ್ಯಂಬಳ್ಳಿಯಲ್ಲಿ ತೂಗಿದ್ದ ಹಾಗೆಯೇ. ಒಳಗಡೆ ಹುಳುಗಳು ತಿನ್ನುವ ಸದ್ದು, ಒದ್ದೆ ಗೋಣಿಯ ವಾಸನೆ.

ಇಲ್ಲಿ "ಮಗು ಕಣ್ಣು ಮುಚ್ಚಿತು" ಎಂದು ಬರೆಯಲು ಕೈ ತಾನೇ ಹೋಗುತ್ತದೆ. ಮುಚ್ಚಲಿಲ್ಲ. ಅಳಲೂ ಇಲ್ಲ. ಕಣ್ಣು ಬಿಟ್ಟುಕೊಂಡು ಮೇಲಿನ ತೊಲೆ, ಪಕ್ಕದ ಸೊಪ್ಪು, ಬಾಗಿಲಲ್ಲಿದ್ದ ಅಜ್ಜಿ, ಎಲ್ಲವನ್ನೂ ಒಂದೊಂದಾಗಿ ನೋಡುತ್ತಾ ಮಧ್ಯಾಹ್ನವನ್ನೇ ಕಳೆದಳು.

"ಮಲಗ್ತಾ?" ಎಂದು ಮಾವ ಸಂಜೆ ಕೇಳಿದರು.

"ಇಲ್ಲ."

"ಅತ್ತಾ?"

"ಇಲ್ಲ."

ನಿದ್ದೆ ಬಂದದ್ದು ಮಾರನೆಯ ದಿನವೋ, ಅದರಾಚೆಯ ದಿನವೋ. ನನ್ನ ಗಂಡ ಮಾರನೆಯ ದಿನ ಎನ್ನುತ್ತಾರೆ. ನನಗೆ ಎರಡು ಮೂರು ದಿನ ಹಿಡಿಯಿತೆಂದೇ ನೆನಪು, ಹೆದರಿಕೆಯಲ್ಲಿ ದಿನ ಉದ್ದವಾಗುತ್ತದೆ.

ಆದರೆ ನನ್ನ ಕೈಯಲ್ಲಿ ಮಲಗಿದರೆ ಪ್ರಯೋಜನವಿರಲಿಲ್ಲ. ಮಾತಾಗಿದ್ದದ್ದು ಅತ್ತೆಯ ಕೈಯಲ್ಲಿ ಮಲಗಬೇಕು ಎಂದು. ಅತ್ತೆ ಆ ತೊಟ್ಟಿಲು ಮುಟ್ಟುವುದಿಲ್ಲ ಎಂದು ಹಟ ಹಿಡಿದಿದ್ದರು. ಆದರೆ ಹಗಲೆಲ್ಲ ಅವರ ಕೆಲಸ ಅದೇ ಕೋಣೆಯಲ್ಲಿ. ಗೋಣಿಗೆ ನೀರು ಚಿಮುಕಿಸುವುದು, ಸೊಪ್ಪು ತಿರುವಿ ಹಾಕುವುದು, ಬಾಡಿದ್ದನ್ನು ಬೇರೆ ಮಾಡುವುದು. ನಾನು ಮಗುವನ್ನು ತೊಟ್ಟಿಲಿಗೆ ಹಾಕಿ ಬೇಕೆಂದೇ ಅಡುಗೆಮನೆಗೆ ಬಂದುಬಿಡುತ್ತಿದ್ದೆ. ಮಗು ಅತ್ತರೂ ಹೋಗುತ್ತಿರಲಿಲ್ಲ. ಎದೆಯ ಹಾಲು ಸೋರಿ ರವಿಕೆ ನೆನೆಯುತ್ತಿತ್ತು, ನಾನು ಹುಣಸೆಹಣ್ಣು ಕಿವುಚುತ್ತಾ ನಿಂತಿರುತ್ತಿದ್ದೆ. ಎಷ್ಟು ಹೊತ್ತು? ಗೊತ್ತಿಲ್ಲ. ಅಳು ನಿಲ್ಲುತ್ತಿತ್ತು.

ಒಮ್ಮೆ ಬಾಗಿಲ ಸಂದಿಯಿಂದ ನೋಡಿದೆ. ಅತ್ತೆ ತೊಟ್ಟಿಲಿಗೆ ಒಂದು ಕೈ ಕೊಟ್ಟು, ರಾಶಿಯ ಆ ಕಡೆಗೆ ಹೋಗಿ ಒಂದು ಗೋಣಿ ತೆಗೆದು ಸೊಪ್ಪು ತಿರುವಿ, ವಾಪಸು ಬಂದರು. ತೊಟ್ಟಿಲು ಇನ್ನೂ ತೂಗುತ್ತಲೇ ಇತ್ತು. ಇನ್ನೊಂದು ಕೈ ಕೊಟ್ಟು, ಚೊಂಬಿನಿಂದ ನೀರು ಚಿಮುಕಿಸಿ, ಬಂದರು. ಗಿಣಿ ಸ್ಟ್ಯಾಂಡಿನ ಮುಂದೆ ಇಡೀ ಮಧ್ಯಾಹ್ನ ಕಟ್ಟಿಹಾಕಿದ ಹಾಗೆ ಕೂತಿರುತ್ತಿದ್ದ ಹೆಂಗಸು ಇಲ್ಲಿ ಕೆಲಸವನ್ನೂ ಬಿಡದೆ ಕೂಸನ್ನೂ ಬಿಡದೆ ಓಡಾಡುತ್ತಿದ್ದರು. ಬಾಯಲ್ಲಿ ಏನೋ ಗುನುಗು. ಹಾಸಿಗೆಯಡಿ ಕಲ್ಲು ಬೇರೆ ಇಟ್ಟಿದ್ದರು. ತೆಗೆಯಲು ಹೋಗಲಿಲ್ಲ. ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಎಂಬುದೇ ತಾನೇ ನನ್ನ ವಾದ.

ಇಲ್ಲಿಗೆ ಮುಗಿಸಬಹುದಿತ್ತು. ಅತ್ತೆ ತಮ್ಮ ಕಥೆಯನ್ನು ಇಲ್ಲಿಗೇ ಮುಗಿಸುತ್ತಾರೆ. ಇದರ ನಂತರ ಆದದ್ದನ್ನು ಅವರು ನೆಂಟರಿಗೆ ಹೇಳುವುದಿಲ್ಲ.

ಹುಳು ಹಣ್ಣಾಗಿ ಗೂಡು ಕಟ್ಟಲು ಒಂದೆರಡು ದಿನವಿದೆ ಎನ್ನುವಾಗ ಹಾಲುತೊಂಡೆ ಕಾಣಿಸಿತು. ಹುಳು ಊದಿಕೊಂಡು, ಮೈ ಹಳದಿಗಟ್ಟಿ, ಮುಟ್ಟಿದರೆ ಒಡೆದು ಹಾಲಿನಂಥ ನೀರು ಬರುವ ರೋಗ. ಹುಳು ಹರಡಿದ ಎಲ್ಲ ಅಟ್ಟಣೆಗಳಿಗೂ ಅಲ್ಲ, ಬಾಗಿಲ ಕಡೆಯ ಕೆಲವಕ್ಕೆ. ಆದರೆ ಆ ಬಾಗಿಲು ಸೊಪ್ಪಿನ ಕೋಣೆಯ ಬಾಗಿಲು. ಮಾವ ಒಂದೊಂದೇ ಹುಳುವನ್ನು ಆರಿಸಿ ಸುಣ್ಣದ ಪುಡಿಯ ಬಾಂಡ್ಲಿಗೆ ಹಾಕುತ್ತಿದ್ದರು. ಶಾಲೆ ತೆರೆಯುವುದು ಆ ವಾರವೇ.

ನಾನು ಆ ಬಾಗಿಲಲ್ಲಿ, ತೊಟ್ಟಿಲ ಪಕ್ಕ ನಿಂತಿದ್ದೆ; ಅತ್ತೆ ನನ್ನ ಮುಂದೆ ಬಂದು ನಿಂತರು. "ನೋಡ್ದಾ?" ಎಂದರು. ಅಷ್ಟೇ. ಬೈದಿದ್ದರೆ ಸುಲಭವಿತ್ತು.

ನನಗೆ ಹೆದರಿಕೆಯಾಯಿತು. ಓದಿದ್ದು, ಪಾಠ ಮಾಡಿದ್ದು ಆ ಹೊತ್ತಿನಲ್ಲಿ ಹತ್ತಿರಕ್ಕೂ ಬರಲಿಲ್ಲ. ಆ ಬಾಂಡ್ಲಿಯನ್ನೇ ನೋಡುತ್ತಾ ಒಳಗೊಳಗೆ, ನಾನೇ ಇರಬಹುದಾ ಎಂದುಕೊಂಡೆ. ಖಾಲಿ ತೊಟ್ಟಿಲು ಬೇರೆ ತೂಗಿದ್ದೆ. ಆಮೇಲೆ ಬಾಯಿಂದ ಬಂದದ್ದು ಇದು:

"ಹೋದ ಕಾರ್ತೀಕದ ಬೆಳೆಗೂ ಬಂದಿತ್ತಲ್ಲ ಅತ್ತೆ. ಆಗ ನಾನು ಉಯ್ಯಂಬಳ್ಳೀಲಿದ್ದೆ."

"ಆಗ ಇನ್ ಯಾರು ಹೊಕ್ಕಿದ್ರೋ."

"ಯಾರೂ ಹೊಕ್ಕಿರ್ಲಿಲ್ಲ ಅಂದ್ರೆ?"

"ಹೊಕ್ಕೇ ಇರ್ತಾರೆ. ಹೊಕ್ದೆ ಹೆಂಗೆ ಬಂದದು?"

ರೋಗ ಬಂದರೆ ಯಾರೋ ಒಬ್ಬಳು ಹೊಕ್ಕಿರಬೇಕು. ಬರದಿದ್ದರೆ ಯಾರೂ ಹೊಕ್ಕಿಲ್ಲ. ಈ ಲೆಕ್ಕದಲ್ಲಿ ಹುಳುವಿಗೆ ಎಂದೂ ತಾನಾಗಿ ರೋಗ ಬರುವುದಿಲ್ಲ, ಹೆಂಗಸು ಎಂದೂ ಬಚಾವಾಗುವುದಿಲ್ಲ.

ಆಗ ಮಾವ ತಲೆಯೆತ್ತಿ, "ಈ ಸಲ ಸೆಕೆ ಜಾಸ್ತಿ ಆಯ್ತು, ಆ ಕಡೆ ಕಿಟಕಿ ಮುಚ್ಚಿದ್ದು ನಾನೇಯ" ಎಂದರು ಎಂದು ನನಗೆ ನೆನಪಿದೆ. ಆ ದನಿ ಕೂಡ ಕಿವಿಯಲ್ಲಿದೆ. ನನ್ನ ಗಂಡನನ್ನು ಕೇಳಿದರೆ ಅಪ್ಪ ಹಾಗೆ ಹೇಳಲೇ ಇಲ್ಲ, ಸುಮ್ಮನೆ ಹುಳ ಆರಿಸುತ್ತಿದ್ದರು ಎನ್ನುತ್ತಾರೆ. ಮಾವನನ್ನೇ ಕೇಳಿದೆ, "ಯಾವಾಗವ್ವ?" ಎಂದರು. ಹಾಗಾಗಿ ಆ ಮಾತನ್ನು ತೆಗೆದುಹಾಕುತ್ತೇನೆ. ಯಾರೂ ನನ್ನ ಪರವಾಗಿ ಏನೂ ಹೇಳಲಿಲ್ಲ ಎಂದೇ ಇಟ್ಟುಕೊಳ್ಳಿ. ಆಗಲೂ ನಾನು ತೊಟ್ಟಿಲು ಬಿಚ್ಚಲಿಲ್ಲ.

"ಬಿಚ್ಚಾಕು" ಎಂದರು ಅತ್ತೆ.

"ಬಿಚ್ಚಲ್ಲ."

"ಬೆಳೆ ಹೋದ್ರೆ?"

"ಹೋದ್ರೆ ನನ್ನಿಂದ ಹೋಯ್ತು ಅಂತ ಊರಿಗೆಲ್ಲ ಹೇಳಿ. ಆದ್ರೆ ತೊಟ್ಟಿಲು ಬಿಚ್ಚಿ ಸ್ಟ್ಯಾಂಡಿಗೆ ಹಾಕಿದ್ರೆ ಅದು ಮಲಗಲ್ಲ. ಅದು ನಿಮಗೂ ಗೊತ್ತು."

ಅತ್ತೆ ನನ್ನನ್ನು ನೋಡಿದರು. ಅಷ್ಟು ಹೊತ್ತಿಗೆ ತೊಟ್ಟಿಲಲ್ಲಿ ಮಗು ಮುಲುಗಿತು. ಇಬ್ಬರೂ ಅಲ್ಲಾಡಲಿಲ್ಲ. ಇನ್ನೊಮ್ಮೆ ಮುಲುಗಿತು. ಅತ್ತೆ ನನ್ನ ಮೇಲಿಟ್ಟ ಕಣ್ಣು ತೆಗೆಯದೆಯೇ ಕೈ ಚಾಚಿ ಒಂದು ಸಲ ತೂಗಿದರು. ಇದಕ್ಕೆ ನಾನು ಒಪ್ಪಿಗೆ ಎಂದು ಹೆಸರಿಡುವುದಿಲ್ಲ. ಕೂಸು ಅತ್ತಿತ್ತು, ಕೈ ಹೋಯಿತು.

ಬೆಳೆ ಪೂರ್ತಿ ಹೋಗಲಿಲ್ಲ. ಪೂರ್ತಿ ಬರಲೂ ಇಲ್ಲ. ಮಾವ ಉಳಿದ ಗೂಡನ್ನು ರಾಮನಗರಕ್ಕೆ ಒಯ್ದರು, ಬಂದವರೇ ಸ್ನಾನಕ್ಕೆ ಹೋದರು. ನನ್ನ ವಾದ ಗೆದ್ದಿತು ಎನ್ನಲು ಅಲ್ಲಿ ಏನೂ ಇರಲಿಲ್ಲ. ಸೋತಿತು ಎನ್ನಲೂ ಇರಲಿಲ್ಲ.

ಶಾಲೆ ತೆರೆದ ಬೆಳಿಗ್ಗೆ ಮಗುವಿಗೆ ಹಾಲು ಕೊಟ್ಟು, ಇನ್ನಷ್ಟು ಹಾಲು ಹಿಂಡಿ ಲೋಟದಲ್ಲಿ ಮುಚ್ಚಿಟ್ಟೆ. ಅತ್ತೆ ಸೊಪ್ಪಿನ ಕೋಣೆಯಲ್ಲಿ ನೆಲ ತೊಳೆಯುತ್ತಿದ್ದರು.

"ಬತ್ತೀನಿ ಅತ್ತೆ."

"ಬಸ್ಸು ಹೋಯ್ತದೆ, ನಿಂತ್ಕಂಡು ಮಾತಾಡ್ತೀಯಲ್ಲ" ಎಂದರು. ನೀರು ನನ್ನ ಕಾಲಿನ ತನಕ ಬಂತು.

ಅವತ್ತು ಎಂಟನೇ ಕ್ಲಾಸಿನಲ್ಲಿ ಲೋಲಕದ ಪಾಠ ಮಾಡಿದೆ ಎಂದು ಬರೆದರೆ ಎಲ್ಲ ಎಷ್ಟು ಚೆನ್ನಾಗಿ ಕೂಡಿಕೊಳ್ಳುತ್ತದೆ! ಮಾಡಲಿಲ್ಲ. ಮೊದಲ ದಿನ ಅರ್ಧ ಮಕ್ಕಳು ಬಂದಿರಲಿಲ್ಲ. ಬಂದವರಿಗೆ ಪುಸ್ತಕ ಬಂದಿರಲಿಲ್ಲ. ನಿಂಬೆಹಣ್ಣು, ಸೋಪು, ಲಿಟ್ಮಸ್ ಕಾಗದ ಇಟ್ಟುಕೊಂಡು ಯಾವುದು ಕೆಂಪಾಗುತ್ತದೆ, ಯಾವುದು ನೀಲಿಯಾಗುತ್ತದೆ ಎಂದು ತೋರಿಸುತ್ತಿದ್ದೆ. ಮಧ್ಯದಲ್ಲಿ ಬ್ಯಾಗಿನೊಳಗೆ ಮೊಬೈಲು ನಡುಗಿತು. ಯಾರದೆಂದು ನೋಡದೆಯೇ ಗೊತ್ತಾಯಿತು. ಒಂದು ಸಲ ನಿಂತು ಮತ್ತೆ ನಡುಗಿತು. ಮುಂದಿನ ಬೆಂಚಿನ ಹುಡುಗಿ, "ಮಿಸ್, ಫೋನು" ಎಂದಳು.

"ಗೊತ್ತಾಯ್ತು. ನಿನ್ ಕಾಗದ ಯಾವ ಬಣ್ಣ ಆಯ್ತು ಹೇಳು."

ಫೋನು ಎತ್ತಲಿಲ್ಲ. ಮೇಜಿಗೆ ಒರಗಿ ನಿಂತು ಪೀರಿಯಡ್ ಮುಗಿಸಿದೆ. ಬೆಲ್ಲು ಹೊಡೆದ ಮೇಲೆ ಹೊರಗೆ ಬಂದು ಮಾಡಿದೆ.

"ಏನಾಯ್ತು ಅತ್ತೆ?"

"ಏನಾಯ್ತದೆ? ಅದರ ಸಣ್ಣ ಹೊದಿಕೆ ಎಲ್ಲಿ ಮಡಗಿದೀಯ ಅಂತ ಕೇಳಾಕೆ ಮಾಡ್ದೆ. ನೀನು ಎತ್ನಿಲ್ಲ. ನನ್ ಸೀರೇನೇ ಹೊದ್ಸಿದೀನಿ."

"ಮಲಗಿದಾಳಾ?"

"ಮಲಗಿತ್ತು. ನೀನು ಫೋನ್ ಮಾಡಿ ಎಬ್ಬಿಸ್ದೆ" ಎಂದು ಇಟ್ಟುಬಿಟ್ಟರು.

ಮುಂದಿನ ಪೀರಿಯಡ್ ಒಂಬತ್ತನೇ ಕ್ಲಾಸಿಗಿತ್ತು. ಚಾಕ್‌ಪೀಸು ತೆಗೆದುಕೊಂಡು ಹೋದೆ. ಮಾರನೆಯ ದಿನವೂ ಹೋದೆ.